ಮೊದಲ ದಿನದ ಒಂದು ಮಿಲಿ ಹಾಲು

ರಾಯಚೂರಿನ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕದ ಹೊರಗೆ ಚಾದರ ಹಾಸಿಕೊಂಡು ಕುಳಿತ ಅಜ್ಜಿಯರು ಬಾಗಿಲು ತೆರೆದಾಗಲೆಲ್ಲ ಕೇಳುವುದು ಒಂದೇ ಮಾತು: ‘ಅಕ್ಕಾ, ಕೂಸಿಗೆ ಎಷ್ಟು ಹಾಲು ಹಾಕಿದಿರಿ?’ ನರ್ಸ್ ‘ಒಂದು ಮಿಲಿ, ಅಮ್ಮಾ’ ಎಂದರೆ ಅಜ್ಜಿಯ ಮುಖ ಇಳಿಯುತ್ತದೆ. ಒಂದು ಮಿಲಿ ಎಂದರೆ ಸುಮಾರು ಇಪ್ಪತ್ತು ಹನಿ. ಅಷ್ಟರಲ್ಲಿ ಯಾವ ಹೊಟ್ಟೆ ತುಂಬೀತು? ಕೂಸನ್ನು ಉಪವಾಸ ಕೆಡವಿದ್ದಾರೆ ಎಂಬ ಗುಸುಗುಸು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬ ಮಾವ ಎದುರಿನ ಔಷಧಿ ಅಂಗಡಿಗೆ ಹೋಗಿ ಹಾಲಿನ ಪುಡಿಯ ಡಬ್ಬಿ ತಂದುಬಿಡುತ್ತಾನೆ.

ಅಜ್ಜಿಯ ಲೆಕ್ಕ ತಪ್ಪಲ್ಲ, ಒಂದು ಮಿಲಿಗೆ ಹೊಟ್ಟೆ ತುಂಬುವುದಿಲ್ಲ. ಆ ಹಾಲನ್ನು ಕೊಡುವುದು ಹೊಟ್ಟೆ ತುಂಬಿಸಲಿಕ್ಕೂ ಅಲ್ಲ. ಮತ್ತೆ ಯಾಕೆ, ಯಾರ ಹಾಲು, ಯಾವ ದಾರಿಯಲ್ಲಿ ಎಂಬುದನ್ನು ಮನೆಯವರಿಗೆ ಕುಳ್ಳಿರಿಸಿ ಹೇಳುವಷ್ಟು ಬಿಡುವು ಘಟಕದ ಒಳಗಿರುವವರಿಗೆ ಸಿಗುವುದು ಅಪರೂಪ. ಹೊರಗೆ ಕುಳಿತವರಿಗಾಗಿಯೇ ಈ ಬರಹ.

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. 1500 ಗ್ರಾಂಗಿಂತ ಕಡಿಮೆ ಇದ್ದರೆ ಅತಿ ಕಡಿಮೆ ತೂಕದ ಮಗು. 1000 ಗ್ರಾಂ ಕೂಡ ಇಲ್ಲದವು ಇನ್ನೂ ಸೂಕ್ಷ್ಮ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಎರಡನೆಯ ಗುಂಪಿನ ಬಗ್ಗೆ. ಈ ಮಕ್ಕಳಲ್ಲಿ ಹೆಚ್ಚಿನವು ದಿನ ತುಂಬದೆ, ಅಂದರೆ 37 ವಾರ ಮುಗಿಯುವ ಮುನ್ನ ಹುಟ್ಟಿದವು. ಇನ್ನು ಕೆಲವು ಗರ್ಭದಲ್ಲೇ ಸೊರಗಿದವು. ತಾಯಿಯ ರಕ್ತಹೀನತೆ, ಏರಿದ ರಕ್ತದೊತ್ತಡ, ಅವಳಿ ಬಸಿರು, ಸೋಂಕು, ಹದಿನೆಂಟು ತುಂಬುವ ಮುನ್ನವೇ ಆದ ಮದುವೆ, ಹೀಗೆ ಕಾರಣಗಳು ಹಲವು. ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಕೆಲಸವನ್ನು ಎಂಟನೇ ತಿಂಗಳವರೆಗೂ ಬಿಡದ ಬಸುರಿಯರು ಎಷ್ಟು ಮಂದಿ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಮಗು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮೈಗೆ ಕೊಬ್ಬು ಕೂಡಿಸಿಕೊಳ್ಳುತ್ತದೆ. ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು, ದೇಹದಲ್ಲಿ ಕಬ್ಬಿಣ, ಮೂಳೆಯಲ್ಲಿ ಸುಣ್ಣದ ಅಂಶ ತುಂಬಿಕೊಳ್ಳುತ್ತದೆ. ಬೇಗ ಹುಟ್ಟಿದ ಮಗು ಈ ಗಂಟನ್ನು ಕಟ್ಟಿಕೊಳ್ಳದೆಯೇ ಬಂದಿರುತ್ತದೆ. ತಿಂಗಳು ತುಂಬಿದ ಮಗು ಮೊದಲ ಎರಡು ದಿನ ಕಡಿಮೆ ಹಾಲು ಕುಡಿದರೂ ತನ್ನ ಗಂಟಿನಿಂದ ಖರ್ಚು ನಡೆಸುತ್ತದೆ. 1200 ಗ್ರಾಂ ತೂಗುವ ಮಗುವಿಗೆ ಆ ಅನುಕೂಲ ಇಲ್ಲ, ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಕುಸಿಯಬಹುದು. ಹಸಿವು ತೀರಾ ಹೆಚ್ಚು, ಆದರೆ ಕುಡಿಯುವ ಶಕ್ತಿ ಇಲ್ಲ. ಹಾಲು ಚೀಪುವುದು, ನುಂಗುವುದು, ನಡುವೆ ಉಸಿರಾಡುವುದು, ಈ ಮೂರನ್ನೂ ಒಂದರ ಹಿಂದೆ ಒಂದರಂತೆ ಲಯಕ್ಕೆ ತರುವ ಕಲೆ ಮೆದುಳಿಗೆ ಬರುವುದೇ ಸುಮಾರು 32ರಿಂದ 34 ವಾರಗಳ ಹೊತ್ತಿಗೆ. ಅದಕ್ಕೂ ಮೊದಲು ಬಾಯಿಗೆ ಹಾಲು ಸುರಿದರೆ ಅದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯಬಹುದು. ಹೊಟ್ಟೆ ಚಿಕ್ಕದು, ಕರುಳಿನ ಚಲನೆ ನಿಧಾನ, ಕರುಳಿನ ಒಳಗೋಡೆ ಕಾಗದದಷ್ಟು ತೆಳು.

ಈ ಕಾರಣಗಳನ್ನು ಮುಂದಿಟ್ಟುಕೊಂಡು ವೈದ್ಯರೇ ಒಂದು ಕಾಲದಲ್ಲಿ ಇಂಥ ಮಕ್ಕಳನ್ನು ಬೇಕೆಂದೇ ಉಪವಾಸ ಇಡುತ್ತಿದ್ದರು. ಕಳೆದ ಶತಮಾನದ ನಡುಗಾಲದಲ್ಲಿ ಯುರೋಪು, ಅಮೆರಿಕಗಳ ಆಸ್ಪತ್ರೆಗಳಲ್ಲಿ ಎರಡು ಮೂರು ದಿನ ನೀರನ್ನೂ ಕೊಡದೆ ಇರುವುದು ರೂಢಿಯಾಗಿತ್ತು. ಹಾಲು ಶ್ವಾಸಕೋಶಕ್ಕೆ ಹೋಗದಿರಲಿ ಎಂಬುದು ಸದುದ್ದೇಶ. ಫಲ ಮಾತ್ರ ಕೆಟ್ಟದ್ದು: ಮೈ ಒಣಗುವುದು, ಕಾಮಾಲೆ ಏರುವುದು, ಸಕ್ಕರೆ ಕುಸಿದು ಮೆದುಳಿಗೆ ಪೆಟ್ಟಾಗುವುದು. 1964ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಇಬ್ಬರು ವೈದ್ಯೆಯರು, ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವಿಸ್, ದಿನ ತುಂಬದ ಮಕ್ಕಳಿಗೆ ನೀರು ಬೆರೆಸದ ಎದೆಹಾಲನ್ನು ಹುಟ್ಟಿದ ಕೂಡಲೇ ಎನ್ನುವಷ್ಟು ಬೇಗ ಕೊಟ್ಟು ನೋಡಿ, ಫಲಿತಾಂಶವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಮಾಲೆಯೂ ಸಕ್ಕರೆ ಕುಸಿತವೂ ಕಡಿಮೆಯಾಗಿದ್ದವು. ಉಪವಾಸದ ರೂಢಿ ಸಡಿಲವಾಯಿತು.

ಆದರೆ ಅದು ಇನ್ನೊಂದು ವೇಷದಲ್ಲಿ ಮರಳಿ ಬಂತು. ಚಿಕಿತ್ಸೆ ಸುಧಾರಿಸಿ ಹೆಚ್ಚು ಹೆಚ್ಚು ಚಿಕ್ಕ ಮಕ್ಕಳು ಬದುಕತೊಡಗಿದಾಗ ವೈದ್ಯರನ್ನು ಕಾಡಿದ್ದು ಕರುಳಿನ ಒಂದು ರೋಗ. ಕರುಳಿನ ಗೋಡೆ ಉರಿತಕ್ಕೆ ಸಿಕ್ಕಿ, ಅಲ್ಲಲ್ಲಿ ಕೊಳೆತು, ಕೆಲವೊಮ್ಮೆ ತೂತು ಬೀಳುತ್ತದೆ. ಘಟಕದಲ್ಲಿ ಇದನ್ನು ಎನ್‌ಇಸಿ ಎನ್ನುತ್ತಾರೆ. ಈ ರೋಗ ಬಂದ ಮಕ್ಕಳಲ್ಲಿ ಹೆಚ್ಚಿನವು ಅದಕ್ಕೆ ಮುಂಚೆ ಹಾಲು ಕುಡಿದಿದ್ದವು. ಹಾಗಾದರೆ ಹಾಲೇ ಕಾರಣ, ಕರುಳಿಗೆ ವಿಶ್ರಾಂತಿ ಕೊಡೋಣ ಎಂಬ ತರ್ಕ ಹುಟ್ಟಿತು. ವಾರಗಟ್ಟಲೆ ಬರೀ ಗ್ಲೂಕೋಸ್ ಡ್ರಿಪ್ ಹಾಕುವುದು ಜಾಣತನ ಎನಿಸಿಕೊಂಡಿತು. ಇಂದಿಗೂ ‘ಡ್ರಿಪ್ ನಡೆಯುತ್ತಿದೆಯಲ್ಲ, ಹಾಲಿಗೆ ಏನವಸರ’ ಎನ್ನುವವರು ಆಸ್ಪತ್ರೆಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಬೇಸಿಗೆಯೆಲ್ಲ ಒಣಗಿ ನಿಂತ ಕಾಲುವೆಗೆ ಒಮ್ಮೆಲೇ ಪೂರ್ತಿ ನೀರು ಬಿಟ್ಟರೆ ದಂಡೆ ಒಡೆಯುತ್ತದೆ. ಒಡೆದೀತು ಎಂದು ಹೆದರಿ ನೀರೇ ಬಿಡದಿದ್ದರೆ ಬಿರುಕು ಇನ್ನೂ ಆಳವಾಗಿ, ಹೂಳು ತುಂಬಿ, ಮುಂದೆ ನೀರು ಹರಿಯುವುದೇ ಕಷ್ಟ. ಕರುಳಿಗೂ ಹಾಗೆಯೇ. ಅದರ ಒಳಮೈ ತುಂಬ ಇರುವ ಸೂಕ್ಷ್ಮ ಎಳೆಗಳು ಹಾಲಿನ ಸ್ಪರ್ಶವಿಲ್ಲದೆ ಕೆಲವೇ ದಿನಗಳಲ್ಲಿ ಸವೆಯುತ್ತವೆ. ಜೀರ್ಣರಸ, ಹಾರ್ಮೋನುಗಳು ಸ್ರವಿಸುವುದಿಲ್ಲ, ಚಲನೆ ಕಲಿಯುವುದಿಲ್ಲ. ಸವೆದ ಗೋಡೆಯ ಮೂಲಕ ರೋಗಾಣುಗಳು ರಕ್ತಕ್ಕೆ ದಾಟುವುದು ಸುಲಭ. ಇತ್ತ ಡ್ರಿಪ್ಪಿನ ಸೂಜಿ ಚರ್ಮದಲ್ಲಿ ಎಷ್ಟು ದಿನ ಉಳಿದರೆ ಸೋಂಕಿಗೆ ಅಷ್ಟು ದಿನ ಬಾಗಿಲು ತೆರೆದಂತೆ. ವಿಶ್ರಾಂತಿ ಎಂದುಕೊಂಡದ್ದು ಕರುಳಿಗೆ ಬರಗಾಲವಾಗಿತ್ತು. ಮೊದಲ ದಿನದ ಒಂದು ಮಿಲಿಯ ಕೆಲಸ ಕರುಳನ್ನು ಎಚ್ಚರಿಸುವುದು. ಮಗುವನ್ನು ಆ ಹೊತ್ತಿಗೆ ಸಾಕುವುದು ಡ್ರಿಪ್.

ಅಜ್ಜಿಯರ ಮುಂದೆ ಒಮ್ಮೆಯಾದರೂ ಬಿಡಿಸಿ ತೋರಿಸಬೇಕಾದ ಲೆಕ್ಕ ಇದು. ಮಗುವಿನ ತೂಕ 1200 ಗ್ರಾಂ ಎಂದಿಟ್ಟುಕೊಳ್ಳೋಣ. ಇಂಥ ಮಗುವಿಗೆ ಮೊದಲ ದಿನ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿ ದ್ರವ ಬೇಕು, ಅಂದರೆ ಒಟ್ಟು 96 ಮಿಲಿ. ಅದರಲ್ಲಿ ಹಾಲು ಎಷ್ಟು? ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಮೊದಲ ದಿನದಿಂದಲೇ ಪ್ರತಿ ಕಿಲೋಗೆ 10 ಮಿಲಿ ಹಾಲು ಆರಂಭಿಸಿ, ಉಳಿದದ್ದನ್ನು ರಕ್ತನಾಳದ ಮೂಲಕ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರ ಮಾರ್ಗಸೂಚಿಯಲ್ಲೇ ಹೇಳಿದೆ. ಹಾಗಾದರೆ ಹಾಲು 12 ಮಿಲಿ, ಡ್ರಿಪ್ 84 ಮಿಲಿ. ಆ 12 ಮಿಲಿಯನ್ನು ಎರಡು ಗಂಟೆಗೊಮ್ಮೆ ಹನ್ನೆರಡು ಸಲ ಹಂಚಿದರೆ ಸಲಕ್ಕೆ ಒಂದು ಮಿಲಿ. ನರ್ಸ್ ಹೇಳಿದ್ದು ಇದನ್ನೇ.

ಮಗು ತಡೆದುಕೊಂಡರೆ ದಿನಕ್ಕೆ ಪ್ರತಿ ಕಿಲೋಗೆ 30 ಮಿಲಿವರೆಗೆ ಹೆಚ್ಚಿಸಬಹುದು. ನಮ್ಮ ಮಗುವಿಗೆ ಅದು ದಿನಕ್ಕೆ 36 ಮಿಲಿ, ಸಲಕ್ಕೆ 3 ಮಿಲಿ. ಮೊದಲ ದಿನ 1, ಎರಡನೆಯ ದಿನ 4, ಮುಂದೆ 7, 10, 13. ಎಲ್ಲವೂ ಸರಿಯಾಗಿ ನಡೆದರೆ ಆರನೆಯ ದಿನಕ್ಕೆ ಸಲಕ್ಕೆ 16 ಮಿಲಿ. ಅಷ್ಟು ಹೊತ್ತಿಗೆ ಡ್ರಿಪ್ ತೆಗೆದಿರುತ್ತಾರೆ, ಮಗು ಪೂರ್ತಿ ಹಾಲಿನ ಮೇಲಿರುತ್ತದೆ. ಕಾಗದದ ಮೇಲಿನ ಈ ಏಣಿಯನ್ನು ಎಲ್ಲ ಮಕ್ಕಳೂ ಇದೇ ವೇಗದಲ್ಲಿ ಏರುವುದಿಲ್ಲ. ಒಂದು ಕಿಲೋಗಿಂತ ಚಿಕ್ಕವು ಒಂದೆರಡು ದಿನ ಮೊದಲ ಮೆಟ್ಟಿಲಲ್ಲೇ ನಿಲ್ಲಬಹುದು. ಹುಟ್ಟುವಾಗ ಉಸಿರು ಕಟ್ಟಿದ, ರಕ್ತದೊತ್ತಡ ಕುಸಿದ, ಕರುಳಿನ ರಚನೆಯಲ್ಲೇ ದೋಷವಿರುವ ಮಕ್ಕಳಿಗೆ ಹಾಲನ್ನು ತಡೆಹಿಡಿಯುವುದೇ ಸರಿ. ಅದನ್ನು ವೈದ್ಯರು ನೋಡಿ ನಿರ್ಧರಿಸಬೇಕು.

ಬೇಗ ಆರಂಭಿಸಿದರೆ, ಬೇಗ ಹೆಚ್ಚಿಸಿದರೆ ಕರುಳು ಕೊಳೆಯುವ ರೋಗ ಬರುವುದಿಲ್ಲವೇ? ಈ ಅನುಮಾನವನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡಿದ್ದಾರೆ. ಗರ್ಭದಲ್ಲೇ ಸೊರಗಿ, ದಿನ ತುಂಬದೆ ಹುಟ್ಟಿದ 404 ಮಕ್ಕಳಲ್ಲಿ ಕೆಲವರಿಗೆ ಎರಡನೆಯ ದಿನ, ಉಳಿದವರಿಗೆ ಆರನೆಯ ದಿನ ಹಾಲು ಆರಂಭಿಸಿದ ಬ್ರಿಟನ್ ಮತ್ತು ಐರ್ಲೆಂಡಿನ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ಕರುಳಿನ ರೋಗ ಹೆಚ್ಚುಕಡಿಮೆ ಒಂದೇ, ಬೇಗ ಆರಂಭಿಸಿದವರು ಬೇಗ ಪೂರ್ತಿ ಹಾಲಿಗೆ ಬಂದರು. 2019ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 2804 ಮಕ್ಕಳಿದ್ದರು. ದಿನಕ್ಕೆ ಪ್ರತಿ ಕಿಲೋಗೆ 18 ಮಿಲಿಯಂತೆ ಹೆಚ್ಚಿಸಿದ್ದಕ್ಕೂ 30 ಮಿಲಿಯಂತೆ ಹೆಚ್ಚಿಸಿದ್ದಕ್ಕೂ ಹೋಲಿಸಿದರು. ಸೋಂಕಿನಲ್ಲಾಗಲಿ, ಕರುಳಿನ ರೋಗದಲ್ಲಾಗಲಿ, ಎರಡು ವರ್ಷದ ಹೊತ್ತಿಗೆ ಮಗುವಿನ ಬೆಳವಣಿಗೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಗ ಹೆಚ್ಚಿಸಿದ ಮಕ್ಕಳು ಸುಮಾರು ಏಳು ದಿನಕ್ಕೆ, ನಿಧಾನದವರು ಸುಮಾರು ಹತ್ತು ದಿನಕ್ಕೆ ಪೂರ್ತಿ ಹಾಲಿಗೆ ತಲುಪಿದರು. ಮೂರು ದಿನ ಮುಂಚೆ ಡ್ರಿಪ್ ತೆಗೆಯುವುದು ಸೋಂಕಿನ ಭಯ ಹೆಚ್ಚಿರುವ, ಹಾಸಿಗೆ ಕಡಿಮೆ ಇರುವ ನಮ್ಮ ಘಟಕಗಳಿಗೆ ಸಣ್ಣ ವಿಷಯವಲ್ಲ.

ಈ ಅಂಕಿಗಳೆಲ್ಲ ಒಂದು ಕಡೆ, ಯಾರ ಹಾಲು ಎಂಬ ಪ್ರಶ್ನೆ ಇನ್ನೊಂದು ಕಡೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. 1990ರಲ್ಲಿ ಇಂಗ್ಲೆಂಡಿನ ಲೂಕಸ್ ಮತ್ತು ಕೋಲ್ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಹಾಲನ್ನಷ್ಟೇ ಕುಡಿದ ದಿನ ತುಂಬದ ಮಕ್ಕಳಿಗಿಂತ ಬರೀ ಪುಡಿಹಾಲು ಕುಡಿದವರಲ್ಲಿ ಕರುಳು ಕೊಳೆಯುವ ರೋಗ ಆರರಿಂದ ಹತ್ತು ಪಟ್ಟು ಹೆಚ್ಚಿತ್ತು. ಹಾಲೇ ರೋಗಕ್ಕೆ ಕಾರಣ ಎಂದು ಹೆದರಿದ್ದರಲ್ಲ, ಯಾವ ಹಾಲು ಎಂದು ಮೊದಲೇ ಕೇಳಬೇಕಿತ್ತು. ಹೆತ್ತ ತಾಯಿಯ ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲಿನಲ್ಲಿ ಕರುಳಿನ ಗೋಡೆಗೆ ಲೇಪದಂತೆ ಅಂಟಿ ರೋಗಾಣುಗಳನ್ನು ತಡೆಯುವ ಐಜಿಎ ಪ್ರತಿಕಾಯಗಳು, ಲ್ಯಾಕ್ಟೋಫೆರಿನ್ ಎಂಬ ರಕ್ಷಕ ಪ್ರೋಟೀನ್, ಜೀವಂತ ಬಿಳಿ ರಕ್ತಕಣಗಳು ತುಂಬಿರುತ್ತವೆ. ದಿನ ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಅಂಶವೂ ಹೆಚ್ಚು. ‘ಅದು ಕೆಟ್ಟ ಹಾಲು, ಹಿಂಡಿ ಚೆಲ್ಲು’ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅವರೊಂದಿಗೆ ವಾದಕ್ಕೆ ಇಳಿಯುವುದಕ್ಕಿಂತ, ಚೆಲ್ಲಬೇಕೆಂದ ಆ ಹಾಲನ್ನು ಸಿರಿಂಜಿನಲ್ಲಿ ಎಳೆದು ಅವರ ಕೈಗೇ ಕೊಟ್ಟು ಘಟಕದ ಬಾಗಿಲವರೆಗೆ ಒಯ್ಯಲು ಹೇಳಿದರೆ ಕೆಲಸ ಬೇಗ ಆಗುತ್ತದೆ.

ಮಗುವಿಗೆ ಎದೆ ಚೀಪಲು ಬರುವುದಿಲ್ಲ, ಹಾಗಾಗಿ ಹಾಲನ್ನು ಹಿಂಡಿ ತೆಗೆಯಬೇಕು. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ಶುರುಮಾಡಬೇಕು, ಸಾಧ್ಯವಾದರೆ ಮೊದಲ ಗಂಟೆಯಲ್ಲೇ. ಕೈಗಳನ್ನು ಸೋಪಿನಿಂದ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲು ಹಿಡಿದು, ತಾಯಿ ಸ್ವಲ್ಪ ಮುಂದಕ್ಕೆ ಬಾಗಿ ಕುಳಿತುಕೊಳ್ಳುತ್ತಾಳೆ. ಹೆಬ್ಬೆರಳು ಕಪ್ಪು ವೃತ್ತದ ಅಂಚಿನ ಮೇಲೆ, ತೋರುಬೆರಳು ಅದರ ಎದುರಿಗೆ ಕೆಳಗೆ. ಮೊದಲು ಎರಡನ್ನೂ ಪಕ್ಕೆಲುಬಿನ ಕಡೆಗೆ ಒತ್ತಬೇಕು, ಆಮೇಲೆ ಒಂದರತ್ತ ಒಂದು ಅದುಮಬೇಕು, ಬಿಡಬೇಕು. ತೊಟ್ಟನ್ನು ಹಿಚುಕಿದರೆ ನೋವಷ್ಟೇ ಸಿಗುತ್ತದೆ, ಹಾಲು ಬರುವುದಿಲ್ಲ. ಮೊದಲ ಐದು ನಿಮಿಷ ಏನೂ ಬಾರದೆ ಇರಬಹುದು. ಆಮೇಲೆ ಜೇನಿನ ಬಣ್ಣದ ಒಂದು ಹನಿ ತೊಟ್ಟಿನ ತುದಿಯಲ್ಲಿ ಕಾಣಿಸಿಕೊಂಡು, ಬಟ್ಟಲಿಗೆ ಬೀಳದೆ ಅಲ್ಲೇ ಅಂಟಿಕೊಂಡಿರುತ್ತದೆ. ಅನುಭವಿ ನರ್ಸ್ ಅದನ್ನು ಬಟ್ಟಲಿಗೆ ಬೀಳಲೂ ಬಿಡುವುದಿಲ್ಲ, ಸೂಜಿ ಇಲ್ಲದ ಒಂದು ಮಿಲಿಯ ಸಿರಿಂಜಿನ ಬಾಯಿಯನ್ನು ತೊಟ್ಟಿಗೇ ಹಚ್ಚಿ ನೇರವಾಗಿ ಎಳೆದುಕೊಳ್ಳುತ್ತಾರೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಬಿಡದೆ ಹೀಗೆ ಹಿಂಡಿದರೆ ಹಾಲು ಇಳಿದು ಬರುತ್ತದೆ. ರಾತ್ರಿಯ ಸರದಿ ಬಿಟ್ಟರೆ ಎರಡು ಮೂರು ದಿನದಲ್ಲೇ ಹಾಲು ಕಡಿಮೆಯಾದಂತೆ ಕಾಣುತ್ತದೆ. ಬೇಡಿಕೆ ಇಲ್ಲವೆಂದು ದೇಹ ತಿಳಿದುಕೊಳ್ಳುತ್ತದೆ, ಅಷ್ಟೇ.

ಇಷ್ಟೆಲ್ಲ ತಿಳಿದ ಮೇಲೂ ಕೆಲಸ ಕೆಡುವುದು ಬೇರೆಯೇ ಕಡೆ. ದೇವದುರ್ಗದಲ್ಲೋ ಲಿಂಗಸುಗೂರಿನಲ್ಲೋ ಹೆರಿಗೆಯಾಗುತ್ತದೆ. ಮಗು ಒಂದು ಕಿಲೋ ಚಿಲ್ಲರೆ. ತಕ್ಷಣ 108 ಆಂಬುಲೆನ್ಸಿನಲ್ಲಿ ರಾಯಚೂರಿಗೆ ಸಾಗಿಸುತ್ತಾರೆ. ಜೊತೆಗೆ ಹೋಗುವವರು ಅಪ್ಪ ಮತ್ತು ಅಜ್ಜಿ. ಸಿಸೇರಿಯನ್ ಆದ ತಾಯಿ ತಾಲೂಕು ಆಸ್ಪತ್ರೆಯಲ್ಲೇ ಉಳಿಯುತ್ತಾಳೆ, ಹೊಲಿಗೆ ಬಿಚ್ಚಿದ ಮೇಲೆ ಸೀದಾ ತವರಿಗೆ ಹೋಗಿ ಬಾಣಂತನಕ್ಕೆ ಕುಳಿತುಕೊಳ್ಳುತ್ತಾಳೆ. ರಾಯಚೂರಿನಲ್ಲಿ ಮಗುವಿಗೆ ಒಂದು ಮಿಲಿ ಬೇಕು, ಅಲ್ಲಿ ತಾಯಿಯ ಎದೆ ಕಲ್ಲುಗಟ್ಟಿ ಜ್ವರ ಬರುತ್ತಿರುತ್ತದೆ. ಯಾರೂ ಕೆಟ್ಟವರಲ್ಲ, ಎಲ್ಲರೂ ಅವರವರ ಕರ್ತವ್ಯ ಮಾಡಿದ್ದಾರೆ, ಆದರೂ ಮಗುವಿನ ಮೊದಲ ಔಷಧಿ ಬೇರೆ ಊರಿನಲ್ಲಿ ಉಳಿದುಹೋಗಿದೆ. ನಳಿಕೆ ಯಾವುದು, ದಿನಕ್ಕೆ ಎಷ್ಟು ಹೆಚ್ಚಿಸಬೇಕು ಎಂಬ ಚರ್ಚೆಗಿಂತ ನಮ್ಮ ಜಿಲ್ಲೆಗಳಲ್ಲಿ ಮೊದಲು ಬಗೆಹರಿಯಬೇಕಾದದ್ದು ಈ ಅಂತರ. ತಾಯಿಯನ್ನು ಅದೇ ಆಸ್ಪತ್ರೆಯ ಬಾಣಂತಿ ವಾರ್ಡಿಗೆ ಯಾವಾಗ ಸಾಗಿಸಬಹುದು ಎಂದು ಹೆರಿಗೆ ಮಾಡಿಸಿದ ವೈದ್ಯರನ್ನು ಅಂದೇ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೂ ಅನಾರೋಗ್ಯದ ನವಜಾತ ಶಿಶುವಿಗೂ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ ಎಂಬುದು 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ.

ತಾಯಿ ಬರುವವರೆಗೆ ಹಿಂಡಿದ ಹಾಲನ್ನಾದರೂ ಕಳಿಸಬಹುದು. ಕುದಿಸಿದ ಚಿಕ್ಕ ಸ್ಟೀಲ್ ಡಬ್ಬಿಗೆ ಹಾಕಿ, ತಾಯಿಯ ಹೆಸರು, ತಾರೀಕು, ಹಿಂಡಿದ ಸಮಯ ಬರೆದ ಚೀಟಿ ಅಂಟಿಸಿ, ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಇಟ್ಟು ತರಬೇಕು. ಫ್ರಿಜ್‌ನಲ್ಲಿಟ್ಟ ಹಾಲನ್ನು 24 ಗಂಟೆಯೊಳಗೆ, ಹೊರಗಿಟ್ಟದ್ದನ್ನು ನಾಲ್ಕು ಗಂಟೆಯೊಳಗೆ ಬಳಸಬೇಕು ಎಂಬುದು ಸುರಕ್ಷಿತ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಆ ನಾಲ್ಕು ಗಂಟೆಯನ್ನೂ ನಂಬಬಾರದು.

ತಾಯಿಯ ಹಾಲು ಸಿಗದೇ ಹೋದರೆ ಮುಂದಿನ ಆಯ್ಕೆ ಹಾಲಿನ ಬ್ಯಾಂಕಿನದು. ದಾನಿ ತಾಯಂದಿರ ರಕ್ತ ಪರೀಕ್ಷೆ ಮಾಡಿ, ಅವರ ಹಾಲನ್ನು 62.5 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ, ಘನೀಕರಿಸಿ ಕಾಪಿಡುತ್ತಾರೆ. ಏಷ್ಯಾದ ಮೊದಲ ಇಂಥ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ ಅವರ ಮುತುವರ್ಜಿಯಿಂದ ಆರಂಭವಾಯಿತು. ಪಕ್ಕದ ಹಾಸಿಗೆಯ ಬಾಣಂತಿಯ ಹಾಲನ್ನು ಹಾಗೆಯೇ ತಂದು ಕೊಡುವುದು ಬೇಡ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹಾಲಿನಲ್ಲೂ ಸೋಂಕು ಇರಬಹುದು. ಬ್ಯಾಂಕಿನ ಹಾಲೂ ಇಲ್ಲದಿದ್ದರೆ ದಿನ ತುಂಬದ ಮಕ್ಕಳಿಗೆಂದೇ ತಯಾರಿಸಿದ ಪುಡಿಹಾಲನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಬೇಕು. ಮಾವ ತಂದ ಡಬ್ಬಿ ಅದಲ್ಲ. ಹಸುವಿನ ಹಾಲು, ಆಡಿನ ಹಾಲು, ಸಕ್ಕರೆ ನೀರು, ಜೇನುತುಪ್ಪ ಬೇಡವೇ ಬೇಡ.

ಇನ್ನು ದಾರಿ. ತೂಕಕ್ಕಿಂತ ಎಷ್ಟು ವಾರಕ್ಕೆ ಹುಟ್ಟಿತು ಎಂಬುದು ಇಲ್ಲಿ ಹೆಚ್ಚು ಹೇಳುತ್ತದೆ. ಸ್ಥೂಲವಾಗಿ, 32 ವಾರಕ್ಕಿಂತ ಮೊದಲು ಹುಟ್ಟಿದ್ದರೆ ನಳಿಕೆ. 32ರಿಂದ 34 ವಾರದವರಿಗೆ ಒಳಲೆ ಅಥವಾ ಚಮಚ. 34 ದಾಟಿದವರಿಗೆ ನೇರವಾಗಿ ಎದೆ. 28 ವಾರವೂ ತುಂಬದವರಿಗೆ ಆರಂಭದಲ್ಲಿ ಡ್ರಿಪ್ಪೇ ಆಧಾರ, ಹಾಲು ನೆಪಮಾತ್ರ. ವಾರ ಎಷ್ಟೇ ಇರಲಿ, ಮಗು ತಾನೇ ತೋರಿಸುವ ಲಕ್ಷಣವನ್ನು ನೋಡಿಯೇ ಮೆಟ್ಟಿಲು ಏರಿಸುವುದು.

ನಳಿಕೆ ಎಂದರೆ ಹೆದರುವವರು ಬಹಳ. ಅದು ಶ್ಯಾವಿಗೆ ಎಳೆಗಿಂತ ತುಸು ದಪ್ಪ, ಮೆದು. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳದ ನಡುವಿನ ಬಿಂದುವಿಗೆ ಅಳತೆ ಹಿಡಿದು ಗುರುತು ಮಾಡಿ, ಅಷ್ಟೇ ಉದ್ದ ಒಳಗಿಳಿಸುತ್ತಾರೆ. ನವಜಾತ ಶಿಶು ಮೂಗಿನಿಂದಲೇ ಉಸಿರಾಡುವುದರಿಂದ ಅನೇಕ ಕಡೆ ನಳಿಕೆಯನ್ನು ಬಾಯಿಯ ಮೂಲಕ ಹಾಕುವುದು ರೂಢಿ. ಹಾಲು ಹಾಕುವಾಗ ಸಿರಿಂಜಿನ ಒಳದಂಡವನ್ನು ತೆಗೆದುಬಿಡುತ್ತಾರೆ. ಬರೀ ಕೊಳವೆಯನ್ನು ನಳಿಕೆಗೆ ಸಿಕ್ಕಿಸಿ, ಹಾಲು ಹಾಕಿ, ಮಗುವಿಗಿಂತ ಮೇಲೆತ್ತಿ ಹಿಡಿಯುತ್ತಾರೆ. ಹಾಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೈಯಿಂದ ಒತ್ತಿ ದೂಡುವುದು ತಪ್ಪು. ಕೊಳವೆಯಲ್ಲಿ ಹಾಲಿನ ಮಟ್ಟ ಕಾಣದಷ್ಟು ನಿಧಾನವಾಗಿ ಇಳಿಯುವ ಆ ಹೊತ್ತಿನಲ್ಲಿ ನರ್ಸಿನ ಕಣ್ಣು ಹಾಲಿನ ಮೇಲಲ್ಲ, ಮಗುವಿನ ತುಟಿಯ ಬಣ್ಣದ ಮೇಲಿರುತ್ತದೆ. ಮೊದಲ ದಿನಗಳಲ್ಲಿ ಅದಕ್ಕೂ ಮುಂಚೆ ತಾಯಿಯ ಹಾಲಿನ ಒಂದೆರಡು ಹನಿಯನ್ನು ಕೆನ್ನೆಯ ಒಳಬದಿಗೆ ಸವರುವ ಪದ್ಧತಿಯೂ ಹಲವು ಘಟಕಗಳಲ್ಲಿದೆ. ಬಾಯಿಗೆ ರುಚಿ ಹತ್ತುತ್ತದೆ, ದೂರದ ಊರಿನಲ್ಲಿರುವ ತಾಯಿಗೆ ತನ್ನ ನಾಲ್ಕು ಹನಿಗೂ ಬೆಲೆಯಿದೆ ಎಂದು ತಿಳಿಯುತ್ತದೆ.

ನಳಿಕೆಯ ಮೇಲಿರುವಾಗಲೇ ಮಗುವನ್ನು ಹಾಲು ಹಿಂಡಿ ಬರಿದಾದ ಎದೆಗೆ ಹಚ್ಚಿ ಚೀಪಲು ಬಿಡಬಹುದು. ಹಾಲು ಬಾರದ ಎದೆ ಯಾಕೆ ಎಂದು ಮನೆಯವರು ನಗುತ್ತಾರೆ. ಅದು ಮಗುವಿಗೆ ಕಲಿಕೆ, ತಾಯಿಯ ದೇಹಕ್ಕೆ ಹಾಲು ಮಾಡಲು ಸೂಚನೆ. ಹೀಗೆ ಅಭ್ಯಾಸ ಮಾಡಿದ ಮಕ್ಕಳು ನಳಿಕೆಯಿಂದ ಬೇಗ ಬಿಡುಗಡೆ ಹೊಂದಿ, ಬೇಗ ಮನೆಗೆ ಹೋಗುತ್ತವೆ.

ಒಳಲೆಯ ವಿಷಯದಲ್ಲಿ ನಮ್ಮ ಅಜ್ಜಿಯರೇ ಗುರುಗಳು, ಒಂದು ತಿದ್ದುಪಡಿಯೊಂದಿಗೆ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಬಾಯಿ ಬಿಡಿಸಿ, ಗಟಗಟನೆ ಸುರಿಯುವ ಹಳೆಯ ಪದ್ಧತಿ ಇಲ್ಲಿ ಅಪಾಯ. ಮಗು ಎಚ್ಚರವಾಗಿರಬೇಕು, ಬಟ್ಟೆಯಲ್ಲಿ ಸುತ್ತಿರಬೇಕು, ತಲೆ ಎತ್ತರದಲ್ಲಿರಬೇಕು. ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟೇ ಬಗ್ಗಿಸಿ ಹಿಡಿದು ಕಾಯಬೇಕು. ಮಗು ನಾಲಿಗೆ ಚಾಚಿ ನೆಕ್ಕುತ್ತದೆ, ನುಂಗುತ್ತದೆ, ನಿಲ್ಲಿಸುತ್ತದೆ, ಉಸಿರೆಳೆಯುತ್ತದೆ. ಆ ನಿಲುಗಡೆ ಅದರ ಹಕ್ಕು. ಪ್ರತಿ ಸಲ ಬಳಸಿದ ಮೇಲೆ ತೊಳೆದು ಕುದಿಸಬಹುದಾದ ಸ್ಟೀಲ್ ಒಳಲೆ ಇರಲಿ. ರಬ್ಬರ್ ತೊಟ್ಟಿನ ಬಾಟಲಿಯನ್ನು ಶುಚಿ ಮಾಡುವುದು ಕಷ್ಟ, ಎದೆ ಚೀಪುವ ಕ್ರಮವೂ ಮಗುವಿಗೆ ತಪ್ಪಿಹೋಗುತ್ತದೆ.

ಪ್ರತಿ ಸಲ ಹಾಲು ಹಾಕುವ ಮುನ್ನ ಹೊಟ್ಟೆಯಲ್ಲಿ ಉಳಿದದ್ದನ್ನು ಸಿರಿಂಜಿನಿಂದ ಎಳೆದು ನೋಡುವ ಅಭ್ಯಾಸ ಹಿಂದೆ ಎಲ್ಲೆಡೆ ಇತ್ತು. ಮಗುವಿಗೆ ಬೇರೆ ತೊಂದರೆ ಇಲ್ಲದಿದ್ದರೆ ಈಗ ಅದನ್ನು ಬಿಡುತ್ತಿದ್ದಾರೆ. ಒಂದೆರಡು ಮಿಲಿ ಹಾಲು ಉಳಿದಿದೆ ಎಂದು ಹೆದರಿ ಹಾಲು ನಿಲ್ಲಿಸಿದ್ದರಿಂದಲೇ ಎಷ್ಟೋ ಮಕ್ಕಳ ಏಣಿ ವಿನಾಕಾರಣ ನಿಂತುಹೋಗುತ್ತಿತ್ತು. ನಿಜವಾಗಿ ಹೆದರಬೇಕಾದದ್ದು ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಬಿಗಿದು ಹೊಳೆಯುವ ಹೊಟ್ಟೆ, ಉಸಿರು ನಿಂತು ನಿಂತು ಬರುವುದು, ಮಗು ಸಪ್ಪಗಾಗುವುದು. ಮೊದಲ ವಾರ ತೂಕ ನೂರಕ್ಕೆ ಹತ್ತು ಹದಿನೈದರಷ್ಟು ಇಳಿಯುವುದು ಮಾತ್ರ ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಆ ಮೇಲೆ 1200 ಗ್ರಾಂ ಮಗು ದಿನಕ್ಕೆ ಹದಿನೆಂಟು ಇಪ್ಪತ್ತು ಗ್ರಾಂ ಏರಿದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಏರದಿದ್ದರೆ ಎದೆಹಾಲಿಗೇ ಪ್ರೋಟೀನ್, ಕ್ಯಾಲ್ಸಿಯಂ ಸೇರಿಸುವ ಪುಡಿಯ ಬಗ್ಗೆ ವೈದ್ಯರು ಯೋಚಿಸುತ್ತಾರೆ. 32 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಒಂದೂವರೆ ಕಿಲೋಗಿಂತ ಚಿಕ್ಕ ಮಕ್ಕಳಿಗೆ ಅದನ್ನು ಪರಿಗಣಿಸಬಹುದು, ಎಲ್ಲರಿಗೂ ಕಡ್ಡಾಯವಲ್ಲ ಎನ್ನುತ್ತದೆ 2022ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು.

ಅದೇ ಶಿಫಾರಸಿನಲ್ಲಿ ಇನ್ನೂ ದೊಡ್ಡ ಮಾತೊಂದಿದೆ: ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಿ, ಮಗು ಗಟ್ಟಿಯಾಗುವವರೆಗೆ ಕಾಯಬೇಡಿ. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ತೊಡಿಸದ ಮಗುವನ್ನು ತಾಯಿಯ ಎದೆಯ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಈ ವಿಧಾನ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಶಾಖದ ಪೆಟ್ಟಿಗೆಗಳ ಕೊರತೆಯಿಂದ ಹುಟ್ಟಿತು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಅಧ್ಯಯನದಲ್ಲಿ 1000ದಿಂದ 1799 ಗ್ರಾಂವರೆಗಿನ ಮಕ್ಕಳ ಪೈಕಿ ಕೂಡಲೇ ಎದೆಗೊರಗಿಸಿಕೊಂಡವರಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12, ಮಾಮೂಲಿನಂತೆ ಮೊದಲು ಶಾಖ ಕೊಡುವ ವಾರ್ಮರಿನಲ್ಲಿಟ್ಟವರಲ್ಲಿ 15.7. ಇದಕ್ಕಾಗಿ ತಾಯಿಯ ಹಾಸಿಗೆಯನ್ನೇ ಘಟಕದ ಒಳಗೆ ಹಾಕಬೇಕಾಯಿತು. ಅಂದರೆ ಹಾಲು, ಶಾಖ, ತಾಯಿ ಮೂರೂ ಒಂದೇ ಕಡೆ. ಕಾಂಗರೂ ಆರೈಕೆ ನಮಗೆ ಹೊಸದೂ ಅಲ್ಲ, ದೂರದ್ದೂ ಅಲ್ಲ. ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅದನ್ನು ಇಡೀ ಜಿಲ್ಲೆಗೆ ತಲುಪಿಸುವುದು ಹೇಗೆ ಎಂದು ಇಥಿಯೋಪಿಯಾ ಮತ್ತು ಭಾರತದಲ್ಲಿ ನಡೆದ ಸಂಶೋಧನೆಗೆ ಕರ್ನಾಟಕದಿಂದ ಆಯ್ಕೆಯಾದದ್ದು ಪಕ್ಕದ ಕೊಪ್ಪಳ ಜಿಲ್ಲೆ. ಅಪ್ಪ, ಅಜ್ಜಿ, ಅತ್ತಿಗೆ ಯಾರ ಎದೆಯಾದರೂ ಆದೀತು. ಸಿಸೇರಿಯನ್ ಆದ ತಾಯಿ ನಿದ್ದೆ ಮಾಡುವ ಹೊತ್ತಿನಲ್ಲಿ ಅಪ್ಪ ಅಂಗಿ ಬಿಚ್ಚಿ ಕುಳಿತುಕೊಳ್ಳಲು ನಾಚಬೇಕಿಲ್ಲ.

ಮಗು ಬಾಯಿಂದಲೇ ಹಾಲು ಕುಡಿದು, ಮೈ ಬಿಸಿ ಉಳಿಸಿಕೊಂಡು, ಸತತವಾಗಿ ತೂಕ ಏರಿದರೆ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಎರಡು ಎರಡೂವರೆ ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು. ಇಂಥ ಮಗು ಹಸಿದರೆ ಅಳುತ್ತದೆ ಎಂದು ಕಾಯುವಂತಿಲ್ಲ, ಅಳುವ ಶಕ್ತಿ ಉಳಿಸಲು ನಿದ್ದೆಯನ್ನೇ ಆರಿಸಿಕೊಳ್ಳುತ್ತದೆ. ಆಶಾ ಕಾರ್ಯಕರ್ತೆ ಬಂದಾಗ ತೂಕ ಮಾಡಿಸಿ. ತೊಟ್ಟಿಲಿಗೆ ಹಾಕುವ ದಿನ ಬಂದ ನೆಂಟರು ಬಜೆ ತೇಯ್ದು ನೆಕ್ಕಿಸಲು, ಜೇನು ಮುಟ್ಟಿಸಲು ಕೈ ಮುಂದೆ ಮಾಡುತ್ತಾರೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ಬಾಯಿಗೆ ಹೋಗಬೇಕಾದದ್ದು ವೈದ್ಯರು ಬರೆದುಕೊಟ್ಟ ಹನಿಗಳು ಮಾತ್ರ: ವಿಟಮಿನ್ ಡಿ, ಮತ್ತು ಎರಡು ವಾರ ತುಂಬಿದ ಮೇಲೆ ಕಬ್ಬಿಣದ ಅಂಶ. ಕಬ್ಬಿಣದ ಹನಿಯಿಂದ ಮಲ ಕಪ್ಪಗಾಗುತ್ತದೆ. ಅದನ್ನು ಕಂಡು ಹನಿ ನಿಲ್ಲಿಸಬೇಡಿ.